ಹೆಸರು ಹಾಕದ ಆಕ್ಷೇಪಣೆ

ಹಸಿರು ತುದಿಯ ರೈಫಲ್ ಗುಂಡನ್ನು ಅಮೆರಿಕ ಸರ್ಕಾರ ನಿಷೇಧಿಸಲು ಹೊರಟಿತ್ತು. ನ್ಯೂಜೆರ್ಸಿಯ ಸೀಕಾಕಸ್‌ನಲ್ಲಿದ್ದ ಮುಕ್ತಾರ್ ತನ್ನ ಶೂಟಿಂಗ್ ಕ್ಲಬ್ಬಿನಲ್ಲಿ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದುದು ಅದನ್ನೇ. ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನದ ಹೊತ್ತಿಗೆ ಅವನ ಎರಡು ಪುಟದ ಪತ್ರ ಸಿದ್ಧವಾಗಿತ್ತು. ಹೆಸರು, ವಿಳಾಸವಿಲ್ಲದ ಪತ್ರವನ್ನು ಪರಿಗಣಿಸುವುದಿಲ್ಲ ಎಂದು ಸರ್ಕಾರದ ಪ್ರಕಟಣೆ ಹೇಳಿತ್ತು.

ಹೆಂಡತಿ ನಯೀಮಾ ಲ್ಯಾಪ್‌ಟಾಪಿಗೆ ಇಣುಕಿದಳು. "ಮುಂದಿನ ವಾರ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇಟ್ಕೊಂಡು, ಮೊಹಮ್ಮದ್ ಮುಕ್ತಾರ್‌ಗೆ ಗುಂಡು ಬೇಕು ಅಂತ ಬರೀತೀರಾ? ಶಹಬ್ಬಾಸ್!"

"ಲೀಗಲ್ ಕಣೇ. ಕ್ಲಬ್ಬಲ್ಲಿ ಎಲ್ರೂ ಕಳಿಸಿದಾರೆ."

"ಅವರ ಹೆಸರು ನೋಡಿ, ನಿಮ್ಮ ಹೆಸರು ನೋಡಿ."

ಮುಕ್ತಾರ್ ಪತ್ರವನ್ನು ಕ್ಲಬ್ಬಿನ ಗೆಳೆಯ ಡೇವ್‌ಗೆ ಕಳಿಸಿ, ನಿನ್ನ ಹೆಸರಲ್ಲಿ ಸಲ್ಲಿಸು ಎಂದ. ಹತ್ತು ನಿಮಿಷದಲ್ಲಿ ಮಾರುತ್ತರ ಬಂತು: "ನಂದು ಆಗಲೇ ಹೋಯ್ತು. ಇಷ್ಟು ಚೆನ್ನಾಗಿ ಬರೆದಿದೀಯ, ನೀನೇ ಹಾಕು. ಹೆದರೋಕೇನಿದೆ?"

ಪತ್ರದಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಅದನ್ನು ಸಲ್ಲಿಸದೆಯೇ ಮುಕ್ತಾರ್ ಲ್ಯಾಪ್‌ಟಾಪ್ ಮುಚ್ಚಿದ.