ಮನಿ ಇಲ್ಲದಾಕಿ

ನನ್ನ ಮೊದಲ ಆಲ್ಬಮ್ಮಿನಲ್ಲಿ ಅಕ್ಕನ ಗಂಡನ ಬೋಳುತಲೆಯ ಮೇಲೊಂದು ಹಾಡಿತ್ತು. ಮದುವೆಮನೆಗಳೆಲ್ಲ ಅದಕ್ಕೆ ಕುಣಿದವು. ಖಾನಾಪುರದ ಪೇಟೆಯಲ್ಲಿ ಭಾವ ಕಂಡಲ್ಲೆಲ್ಲ ಜನ ಅದನ್ನೇ ಗುನುಗಿದರು. ಅಕ್ಕ ಕಾಂತಾ ನನ್ನ ಜೊತೆ ಮಾತು ಬಿಟ್ಟಳು. ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಅವಳ ಮನೆ ಬಿಟ್ಟರೆ ನನಗೆ ತವರೆಂಬುದಿಲ್ಲ.

ಎರಡನೆಯ ಆಲ್ಬಮ್ ಪೀರನವಾಡಿಯ ನನ್ನ ಬಾಡಿಗೆ ಕೋಣೆಯಲ್ಲಿ ಹುಟ್ಟಿತು. ‘ಮನಿ ಇಲ್ಲದಾಕಿ ಬಾಳೇನ’ ಅದರ ಮುಖ್ಯ ಹಾಡು. ಅಕ್ಕನಿಗೆ ಕ್ಷಮಿಸು ಎನ್ನಲು ಬಾಯಿ ಬಾರದೆ ಹಾಡಿಬಿಟ್ಟಿದ್ದೆ, ಅಷ್ಟೇ. ವಿಮರ್ಶಕರು ಉಗಿದು ಉಪ್ಪಿನಕಾಯಿ ಹಾಕಿದರು. ಒಬ್ಬ ‘ಬರೀ ಗೋಳು’ ಎಂದ. ಇನ್ನೊಬ್ಬಳು ‘ಗಾಯಕಿ ಸಮೃದ್ಧಿಗೆ ಕುಣಿಸುವುದು ಮರೆತುಹೋಗಿದೆ’ ಎಂದಳು. ದಿನವಿಡೀ ಫೋನು ನೋಡುತ್ತ, ಒಬ್ಬಳೇ ಉಣ್ಣುತ್ತ, ಸಮಾಧಾನ ಹೇಳುವವರಿಲ್ಲದೆ ಅತ್ತೆ.

ಆಗ ಬೆಂಗಳೂರಿನ ವಿಮರ್ಶಕನೊಬ್ಬ ನಾಲ್ಕು ನಕ್ಷತ್ರ ಕೊಟ್ಟ. ‘ಮನಿ ಎಂಬ ಇಂಗ್ಲಿಷ್ ಪದವನ್ನೇ ಪಲ್ಲವಿ ಮಾಡಿ ಹಣದ ಹುಚ್ಚನ್ನು ಗೇಲಿ ಮಾಡಿದ್ದಾಳೆ’ ಎಂದು ಬರೆದ. ಪುಣ್ಯಾತ್ಮ! ನಮ್ಮ ಬೆಳಗಾವಿಯ ಮನಿ ಅವನ ಕಿವಿಯಲ್ಲಿ ರೊಕ್ಕವಾಗಿತ್ತು. ಬಿದ್ದು ಬಿದ್ದು ನಕ್ಕೆ.

ಅದೇ ವಾರ ಕಾಂತಾಳ ಸಂದೇಶ ಬಂತು: ‘ಹಾಡ ಕೇಳೀನಿ. ರವಿವಾರ ಮನಿಗಿ ಬಾ.’ ಎರಡು ವರ್ಷದ ಮೇಲೆ ಅವಳಿಂದ ಬಂದ ಮೊದಲ ಮಾತು. ನೂರು ಸಲ ಓದಿದೆ.

ಶುಕ್ರವಾರ ಒಂದು ಯೂಟ್ಯೂಬ್ ಚಾನೆಲ್ಲಿನವರು ಸಂದರ್ಶನ ಮಾಡಿದರು. “ಹಣದ ಮೇಲೆ ಯಾಕಷ್ಟು ಸಿಟ್ಟು ನಿಮಗೆ?” ಎಂದು ನಿರೂಪಕಿ ಕೇಳಿದಳು. ‘ಮನಿ ಅಂದರೆ ಮನೆ, ತಂಗಿ’ ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ನನಗೆ ಸಿಕ್ಕಿದ್ದೇ ಒಂದು ಹೊಗಳಿಕೆ, ಅದನ್ನೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

“ದುಡ್ಡೇ ದೊಡ್ಡಪ್ಪ ಅಲ್ವಾ!” ಎಂದೆ, ಬೆಂಗಳೂರಿನವಳ ಹಾಗೆ.

ರವಿವಾರ ಖಾನಾಪುರದ ಬಸ್ಸು ಹತ್ತಿದೆ. ಕಾಂತಾ ಬಾಗಿಲು ತೆರೆದಳು.

“ಬರ್ರಿ. ಕುಂದರ್ರಿ.”

ಜಡೆ ಹಿಡಿದೆಳೆದು ನನ್ನನ್ನು ಶಾಲೆಗೆ ಕಳಿಸುತ್ತಿದ್ದ ಅಕ್ಕ ನನಗೆ ‘ರೀ’ ಹಚ್ಚಿದ್ದು ಅದೇ ಮೊದಲು.

“ಅಕ್ಕಾ, ಹಿಂಗ್ಯಾಕ ಮಾತಾಡ್ತಿ?”

“ಯೂಟ್ಯೂಬಿನ್ಯಾಗ ನಿಮ್ಮ ಮುಲಾಖತ್ ನೋಡಿದ್ವಿ. ಆ ಹಾಡ ಕೇಳಿ ಎರಡ ದಿನ ಅತ್ತಿದ್ನಿ ನಾ. ನಮ್ಮ ಮನಿ ಅಂತ ತಿಳದಿದ್ನಿ. ರೊಕ್ಕ ಅಂತಲ್ಲ.”

“ಖರೇನ ಮನೀನ ಅಕ್ಕಾ! ಅವರ ಮುಂದ ಸುಳ್ಳ ಹೇಳಿದ್ನಿ.”

“ಅವರ ಮುಂದ ಸುಳ್ಳೋ, ನಮ್ಮ ಮುಂದ ಸುಳ್ಳೋ, ನಮಗೇನ ಗೊತ್ತಾಗ್ತೈತ್ರಿ?”

ಅವಳು ಒಳಗೆ ಹೋಗಿ ಚಹಕ್ಕಿಟ್ಟಳು. ಅಲ್ಲಿಂದಲೇ ಕೂಗಿ ಕೇಳಿದಳು:

“ಸಕ್ಕರಿ ಎಷ್ಟ ಹಾಕ್ಲಿ ರೀ ನಿಮಗ?”