ಸತ್ತವರನ್ನು ದೋಣಿಗೆ ಕರೆದ ಪೆಟ್ಟಿಗೆ

ಬೆಳಿಗ್ಗೆ ಏಳಕ್ಕೆ ನಮ್ಮ ದ್ವೀಪದ ನೇಯಾಫು ಬಂದರಿನ ಕಟ್ಟೆಯ ಮೇಲೆ ಸೇಲು ನಿಂತಿದ್ದಳು. ಕಪ್ಪು ಬಟ್ಟೆ, ಸೊಂಟಕ್ಕೆ ನಮ್ಮಲ್ಲಿ ಸಾವಿಗೆ ಸುತ್ತಿಕೊಳ್ಳುವ ಶೋಕದ ಚಾಪೆ, ಕೈಯಲ್ಲಿ ಬೇಯಿಸಿದ ಗೆಣಸಿನ ಬುಟ್ಟಿ. ದೋಣಿ ನಡೆಸುವ ನನ್ನ ಗಂಡ ಅಪಿಸಾಕಿಯ ಮುಂದೆ ಫೋನು ಹಿಡಿದು, ಹಿಂದಿನ ದಿನ ಬಂದ ಮೆಸೇಜ್ ತೋರಿಸಿದಳು.

"ತೇವಿತಾ ಅವರೇ, ನಾಳೆ ಏಳಕ್ಕೆ ನಿಮ್ಮ ದೋಣಿ. ತಪ್ಪದೆ ಬನ್ನಿ."

ತೇವಿತಾ ಅವಳ ಗಂಡ. ಮಣ್ಣಾಗಿ ನಾಲ್ಕು ವರ್ಷ. ಅವನ ಫೋನನ್ನು ಅವಳೇ ಇಟ್ಟುಕೊಂಡಿದ್ದಳು.

"ಅವರು ಬರ್ತಾರಾ ಅಪಿ?" ಎಂದು ಮೆಲ್ಲಗೆ ಕೇಳಿದಳು.

ಮಧ್ಯಾಹ್ನದೊಳಗೆ ಇನ್ನೂ ಐದು ಮನೆಯವರು ಬಂದರು. ಎಲ್ಲರ ಫೋನಿನಲ್ಲೂ ಅದೇ ಕರೆ, ಎಲ್ಲವೂ ತೀರಿಹೋದವರ ಹೆಸರಿಗೆ. ಆ ವಾರ ನಮ್ಮ ದೋಣಿ ಯಾರೂ ಹತ್ತಲಿಲ್ಲ. ಜನ ದಡದಲ್ಲೇ ನಿಂತು ಖಾಲಿ ಸೀಟುಗಳನ್ನು ನೋಡುತ್ತಿದ್ದರು, ಅಲ್ಲಿ ಯಾರೋ ಕೂತಿದ್ದಾರೆ ಎಂಬಂತೆ.

ಪ್ರಯಾಣಿಕರ ಹೆಸರುಗಳೆಲ್ಲ ಇದ್ದದ್ದು ನಮ್ಮ ದೋಣಿ ಕಚೇರಿಯ ಹಿಂದಿನ ಕೋಣೆಯ ಸರ್ವರ್ ಪೆಟ್ಟಿಗೆಯಲ್ಲಿ. ಅವರಿಗೆ ತಾನಾಗಿ ನೆನಪಿನ ಕರೆ ಕಳಿಸುವುದೂ ಅದೇ. ಅಪಿಸಾಕಿ ಪಾದ್ರಿಯನ್ನು ಕರೆಸಿ ಪ್ರಾರ್ಥನೆ ಮಾಡಿಸಿದ. ನಾನು ನನ್ನ ತಂಗಿ ಲೆಸೀಲಿಯನ್ನು ಕರೆಸಿದೆ. ವೆನಿಲಾ ಬೆಳೆಗಾರರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಅವಳು.

ಲೆಸೀಲಿ ಪೆಟ್ಟಿಗೆ ಬಿಚ್ಚಿದಳು. ಒಳಗೆಲ್ಲ ಉಪ್ಪುಗಾಳಿಯ ತುಕ್ಕು. ನಾಣ್ಯದಂಥ ಬ್ಯಾಟರಿಯೊಂದನ್ನು ತೋರಿಸಿದಳು.

"ಬಾವ, ದೆವ್ವ ಇಲ್ಲಿದೆ ನೋಡಿ. ಈ ಬ್ಯಾಟರಿ ಸತ್ತಿದೆ. ಕರೆಂಟ್ ಹೋಗಿ ಬಂದಾಗೆಲ್ಲ ಪೆಟ್ಟಿಗೆ ತಾರೀಕು ಮರೆಯುತ್ತೆ. ತಾನು ತಯಾರಾದ ಕಾಲದಲ್ಲೇ, ಐದು ವರ್ಷ ಹಿಂದೆ ಇದ್ದೀನಿ ಅಂದ್ಕೊಂಡು ಆಗಿನವರನ್ನೆಲ್ಲ ಕರೆಯುತ್ತೆ. ಬದುಕಿರೋರು ನಕ್ಕು ಸುಮ್ಮನಾದ್ರು. ಸತ್ತೋರ ಮನೆಯವರು ಓಡಿಬಂದ್ರು."

"ಹಾಗಾದ್ರೆ ಬೇರೆ ಬ್ಯಾಟರಿ ಹಾಕು, ಮುಗೀತು" ಎಂದ ಅಪಿಸಾಕಿ.

ಅವಳು ಪೆಟ್ಟಿಗೆಯ ಸ್ವಿಚ್ ಒತ್ತಿದಳು. ಒಳಗೆ ಯಾರೋ ಹಲ್ಲು ಕಡಿದಂತೆ ಗರಗರ ಸದ್ದು.

"ಹೆಸರುಗಳನ್ನ ಇಟ್ಕೊಂಡಿರೋ ಡಿಸ್ಕೂ ಹೋಗ್ತಾ ಇದೆ. ದೋಣಿ ಸಮುದ್ರದಲ್ಲಿ ಸಿಕ್ಕಿಕೊಂಡ ದಿನವೇ ಇದು ಕೆಟ್ಟರೆ, ಹುಡುಕೋಕೆ ಹೋಗೋರಿಗೆ ಯಾರ ಹೆಸರು ಕೊಡ್ತೀರಿ?"

"ಕಂಪ್ಯೂಟರ್ ಅಂಗಡಿಯವನು ದೊಡ್ಡ ಸರ್ವರ್ ತಗೋ ಅಂದಿದ್ದಾನೆ."

"ಇಪ್ಪತ್ತು ಸೀಟಿನ ದೋಣಿಗೆ ಹಡಗಿನ ಎಂಜಿನ್ ಯಾಕೆ? ಕ್ಲೌಡಲ್ಲಿ ಚಿಕ್ಕ ಜಾಗ ಬಾಡಿಗೆಗೆ ತಗೊಳ್ಳಿ. ಬಳಸಿದಷ್ಟಕ್ಕೇ ತಿಂಗಳ ಬಾಡಿಗೆ."

"ಮೋಡ ಕಂಡ್ರೆ ದೋಣಿ ಕಟ್ಟಿಹಾಕೋನು ನಾನು. ನನಗೇ ಮೋಡ ಮಾರ್ತೀಯಾ?"

"ಮೋಡ ಅಲ್ಲ ಬಾವ. ಬೇರೆ ಊರಲ್ಲಿ ಬೇರೆಯವರು ಕಾಯೋ ಕಂಪ್ಯೂಟರು."

"ಸಮುದ್ರದಡಿ ಇಂಟರ್‌ನೆಟ್ ಕೇಬಲ್ ತುಂಡಾದ್ರೆ?"

"ಅದಕ್ಕೇ ಇಲ್ಲೂ ಒಂದು ನಕಲು ಇರ್ಲಿ. ದೋಣಿ ಬಿಡೋ ಮುಂಚೆ ಕಾಗದದ ಪಟ್ಟಿನೂ ಇರ್ಲಿ."

ಅಪಿಸಾಕಿ ಬೇಡವೆಂದು ತಲೆಯಾಡಿಸಿದ. ಅಷ್ಟರಲ್ಲಿ ಮೇಜಿನ ಖಾನೆಯೊಳಗೆ ಏನೋ ಗುಂಯ್ ಎಂದಿತು. ಪೆಟ್ಟಿಗೆ ಮತ್ತೆ ಕರೆ ಕಳಿಸುತ್ತಿದೆ ಎಂದು ಲೆಸೀಲಿ ಬೆಚ್ಚಿ ಅದರ ವೈರ್ ಕಿತ್ತಳು.

ಖಾನೆಯಲ್ಲಿದ್ದದ್ದು ತೀರಿಕೊಂಡ ನನ್ನ ಅತ್ತೆಯ, ಅಂದರೆ ಅಪಿಸಾಕಿಯ ಅಮ್ಮನ ಫೋನು. ಅಪಿಸಾಕಿ ಅದನ್ನು ನನಗೂ ಹೇಳದೆ ಚಾರ್ಜ್ ಮಾಡಿಡುತ್ತಿದ್ದ. ತೆರೆದು ನೋಡಿದರೆ ಒಂದೇ ಕರೆ ಆರು ಸಲ ಬಂದಿತ್ತು. ತಪ್ಪದೆ ಬನ್ನಿ, ತಪ್ಪದೆ ಬನ್ನಿ.

ಅವನು ಫೋನನ್ನು ಮತ್ತೆ ಖಾನೆಯೊಳಗಿಟ್ಟ. "ಅಮ್ಮನ್ನ ಇನ್ನೊಂದು ಸಲ ಕರೀಬಾರದು. ಏನು ಬೇಕೋ ಮಾಡು."

ಕೆಟ್ಟ ಡಿಸ್ಕಿನಿಂದ ಮೂರರಲ್ಲಿ ಒಂದು ಪಾಲು ಹೆಸರುಗಳು ತೆರೆಯಲೇ ಇಲ್ಲ. ಉಳಿದವು ಕ್ಲೌಡಿಗೆ ಹೋದವು. ಅದರ ಪಾಸ್‌ವರ್ಡ್ ನನಗೂ ಅಪಿಸಾಕಿಗೂ ಗೊತ್ತು. ಲೆಸೀಲಿ ಕಚೇರಿಯ ಯಂತ್ರಗಳನ್ನೆಲ್ಲ ಆಫ್ ಮಾಡಿ, ತನ್ನ ಫೋನಿನಲ್ಲೇ ಅಂದಿನ ಪಟ್ಟಿ ತೆಗೆದು ತೋರಿಸಿದ ಮೇಲೆಯೇ ಅಪಿಸಾಕಿ ಉಸಿರುಬಿಟ್ಟ.

ಆಮೇಲೆ ಅವನು ಸೇಲುವಿನ ಮನೆಗೆ ಹೋಗಿ ಕ್ಷಮೆ ಕೇಳಿದ.

"ಆ ಕರೆ ಇನ್ನು ಬರಲ್ವಾ?" ಎಂದು ಅವಳು ಕೇಳಿದಳು.

"ಬರಲ್ಲ ಅಕ್ಕ."

ಅವಳು ಬಹಳ ಹೊತ್ತು ಬಾಗಿಲು ಹಿಡಿದು ನಿಂತಿದ್ದಳಂತೆ.

ಅಂಗಡಿ, ದೋಣಿ, ಗಿರಣಿ ನಡೆಸುವವರೇ, ದೊಡ್ಡ ಯಂತ್ರ ಕೊಳ್ಳುವ ಮೊದಲು ನಿಮಗೆ ಬೇಕಾದದ್ದೆಷ್ಟು ಎಂದು ನೋಡಿ. ಕ್ಲೌಡಿನ ಬಾಡಿಗೆ ಎಷ್ಟು, ಅದನ್ನು ಬಿಟ್ಟುಹೋಗುವಾಗ ನಿಮ್ಮ ಮಾಹಿತಿ ಪೂರ್ತಿ ಕೈಗೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ನಕಲು ಎರಡು ಕಡೆ ಇಡಿ. ಇವತ್ತೇ ನಿಮ್ಮ ಯಂತ್ರ ಆಫ್ ಮಾಡಿ, ಒಬ್ಬ ಗಿರಾಕಿಯ ಹೆಸರನ್ನು ಬೇರೆ ಕಡೆಯಿಂದ ತೆಗೆದು ನೋಡಿ. ಸಿಗಲಿಲ್ಲವೇ? ಹಾಗಾದರೆ ಆ ಹೆಸರು ಈಗಾಗಲೇ ನಿಮ್ಮ ಕೈ ತಪ್ಪಿದೆ ಎಂದೇ ತಿಳಿಯಿರಿ.