ಹಾಸಿಗೆಯ ಮೇಲಿನ ಕಿಟಕಿ

ಭಾವ ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು. ಹಾಗಾಗಿ ಅವರು ತಪ್ಪು ಮಾಡಿದರೂ ಅಚ್ಚುಕಟ್ಟಾಗಿಯೇ ಮಾಡುತ್ತಿದ್ದರು. ಮಲಗಲು ಕೋಣೆಯೂ ಇದ್ದ ತಮ್ಮ ಹಳೆಯ ಫೈಬರ್ ದೋಣಿಯ ಕಿಟಕಿಗಳ ಸ್ಕ್ರೂಗಳು ಸವೆದಿವೆ ಎಂದು ಎರಡು ವರ್ಷದ ಹಿಂದೆ ಒಂದೇ ಅಳತೆಯ ಪಳಪಳ ಹೊಳೆಯುವ ಸ್ಕ್ರೂಗಳನ್ನು ತಂದು ಸಾಲಾಗಿ ಹಾಕಿದರು. ಅವತ್ತಿನಿಂದ ಕಿಟಕಿ ಸೋರತೊಡಗಿತು. ಅದೂ ಎಲ್ಲಿ? ನೆಟ್ಟಗೆ ಅಕ್ಕ ಮಲಗುವ ಹಾಸಿಗೆಯ ಮೇಲೆ.

ಮೂರು ಸಲ ಹಾಸಿಗೆ ತೊಯ್ದು ತೊಪ್ಪೆಯಾದ ಮೇಲೆ ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಳು: ದೋಣಿ ಮಾರೋಣ. ಕೊಳ್ಳುವವರು ನೋಡಲು ಭಾನುವಾರ ಬರುವುದೆಂದೂ ನಿಗದಿಯಾಯಿತು. ಮಾತಿಗೆ ಮಾತು ಕೊಡುವ ಭಾವ ದಿನವೂ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಏಳತೊಡಗಿದರು.

ಅದು ಅಕ್ಕನ ತಮ್ಮನ ಕಿವಿಗೆ ಬಿತ್ತು. ಅವನು ಹಲ್ಲು ಬಿದ್ದವರಿಗೆ ಕಟ್ಟುವ ಹಲ್ಲಿನ ಸೆಟ್ಟುಗಳನ್ನು ಮಾಡುವವನು. ಅಪ್ಪ ಅಮ್ಮ ಇಬ್ಬರೂ ಹೋದಾಗ ಅವನಿಗೆ ಏಳು ವರ್ಷ. ಹೊಸದಾಗಿ ಮದುವೆಯಾದ ಭಾವ ಒಂದು ಮಾತೂ ಆಡದೆ ಅವನ ಹಾಸಿಗೆಯನ್ನೂ ತಮ್ಮ ಮನೆಗೆ ಹೊತ್ತುಕೊಂಡು ಬಂದಿದ್ದರು. ಅವನಿಗೆ ಈಜು ಕಲಿಸಿದ್ದು ಇದೇ ದೋಣಿಯಿಂದ ನೀರಿಗೆ ತಳ್ಳಿ. ಶುಕ್ರವಾರ ಬೆಳಿಗ್ಗೆ ಅವನು ಅಂಗಡಿಗೆ ಬೀಗ ಹಾಕಿ ಕೆಲಸದ ಚೀಲ ಹೊತ್ತು ದೋಣಿಗೆ ಬಂದ.

"ಬಂದ್ರಪ್ಪ ದಂತ ವೈದ್ಯರು!" ಎಂದರು ಭಾವ. "ಕಿಟಕಿಗೆ ಹಲ್ಲು ಕಟ್ತೀಯೇನೋ?"

"ನೋಡೋಣ ಭಾವ. ಮೊದಲು ಬಾಯಿ ತೆರೀಲಿ."

ಇಂಥ ದೋಣಿಯ ಕಿಟಕಿ ನಿಂತಿರುವುದೇ ಜೋಡಿಯ ಮೇಲೆ. ಗೋಡೆಯ ಒಳಗಿನಿಂದ ತುದಿ ಮುಚ್ಚಿದ ಕೊಳವೆಯಂಥ ನಟ್ಟು, ಹೊರಗಿನಿಂದ ಸ್ಕ್ರೂ. ಎರಡೂ ನಡುವೆ ಸೇರಿ ಕಿಟಕಿಯ ಎರಡು ಚೌಕಟ್ಟುಗಳನ್ನು ಗೋಡೆಗೆ ಅವುಚಿ ಹಿಡಿಯುತ್ತವೆ. ಭಾವ ಸ್ಕ್ರೂ ಬದಲಾಯಿಸಿದ್ದರು, ನಟ್ಟು ಹಳೆಯದೇ. ಹೊಸ ಸ್ಕ್ರೂ ಅದರಲ್ಲಿ ನಾಲ್ಕು ಸುತ್ತು ಸಲೀಸಾಗಿ ಹೋಗಿ ಗಕ್ಕನೆ ನಿಲ್ಲುತ್ತಿತ್ತು. ಬಿಗಿಯಾಯಿತು ಎಂದು ಕೈಗೆ ಅನ್ನಿಸುತ್ತಿತ್ತು, ಚೌಕಟ್ಟು ಮಾತ್ರ ಸಡಿಲ.

ಕಿಟಕಿ ಸೋರದಂತೆ ಹಚ್ಚುವ ಅಂಟಿನ ಪಟ್ಟಿ ತರಲು ಭಾವ ಪೇಟೆಗೆ ಹೋದರು. ಹೊಸ ಸ್ಕ್ರೂ ಕೆಡಿಸದೆ ಬಿಟ್ಟಿದ್ದ ಒಂದು ನಟ್ಟನ್ನು ತಮ್ಮ ಹುಡುಕಿದ. ಒಸಡಿನ ಅಚ್ಚು ತೆಗೆಯುವ ತೆಳು ರಬ್ಬರನ್ನು ಸಿರಿಂಜಿನಿಂದ ಅದರೊಳಗೆ ತುಂಬಿ, ಐದು ನಿಮಿಷ ಬಿಟ್ಟು ತಿರುಗಿಸಿ ಎಳೆದ. ನಟ್ಟಿನ ಒಳಗಿನ ಸುತ್ತುಗೆರೆಗಳೆಲ್ಲ ಅಚ್ಚಿನ ಮೇಲೆ ಮೂಡಿದ್ದವು. ಭೂತಗನ್ನಡಿ ಹಿಡಿದು ಎಣಿಸಿದ. ಇಂಚಿಗೆ ಮೂವತ್ತೆರಡು. ಭಾವನ ಸ್ಕ್ರೂನಲ್ಲಿ ಮೂವತ್ತಾರು. ದೋಣಿ ಇಂಚಿನ ಕಾಲದ್ದು, ಸ್ಕ್ರೂ ಮಿಲಿಮೀಟರಿನ ಕಾಲದ್ದು. ಕೂಡಲೇ ಭಾವನಿಗೆ ಫೋನ್ ಮಾಡಿ ಯಾವ ಸ್ಕ್ರೂ ತರಬೇಕೆಂದು ಹೇಳಿದ.

ಫೋನ್ ಇಡುವಾಗ ಅಚ್ಚಿನ ತುದಿಯಲ್ಲಿ ಒಂದು ಕೆಂಪು ಚೂರು ಕಂಡಿತು. ಮೂಸಿದ, ಉಗುರಿನಿಂದ ಕೆರೆದ. ಬಣ್ಣಗಳ ಜತೆ ಬದುಕುವವನಿಗೆ ಇಷ್ಟು ಗೊತ್ತಾಗದೇ? ಅದು ಉಗುರುಬಣ್ಣ. ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳದಿರಲು ಅದನ್ನು ಸವರುವವರಿದ್ದಾರೆ. ಆದರೆ ಭಾವನ ಬಳಿ ಉಗುರುಬಣ್ಣ ಎಲ್ಲಿಂದ ಬರಬೇಕು?

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಯಾವಾಗಲೂ ಕೆಂಪಗಿರುತ್ತಿದ್ದ ಅವಳ ಉಗುರುಗಳು ಈಗ ಬೋಳಾಗಿದ್ದವು. ಬೆರಳ ಗೆಣ್ಣುಗಳು ಊದಿಕೊಂಡಿದ್ದವು.

"ಅಕ್ಕಾ, ಇದು ನಿಂದು."

ಅಕ್ಕ ಅತ್ತ ಇತ್ತ ನೋಡಿ, ಹಳೆಯ ಕನ್ನಡಕದ ಡಬ್ಬಿಯೊಂದನ್ನು ತಂದು ತೆರೆದಳು. ಅದರ ತುಂಬ ಭಾವ ಅಂದು ಬಿಚ್ಚಿ ಬಿಸಾಡಿದ್ದ ಸವೆದ ಸ್ಕ್ರೂಗಳು. ಒಂದರಷ್ಟು ಉದ್ದ ಇನ್ನೊಂದಿಲ್ಲ, ತುದಿಗಳೆಲ್ಲ ಅರದಿಂದ ಉಜ್ಜಿದವು.

"ಈ ಗೋಡೆ ಕೈಯಲ್ಲಿ ಪದರ ಪದರ ಹಾಕಿದ್ದು ಪುಟ್ಟಾ, ಒಂದೊಂದು ಕಡೆ ಒಂದೊಂದು ದಪ್ಪ. ನಿಮ್ಮ ಭಾವ ವರ್ಷವರ್ಷ ಎಲ್ಲ ಬಿಗಿ ಮಾಡಿ, ಬೆನ್ನು ತಟ್ಕೊಂಡು, ಮಧ್ಯಾಹ್ನ ಗೊರಕೆ ಹೊಡೀತಿದ್ರು. ಆಗ ನಾನು ಬಂದು ಉದ್ದ ಆದದ್ದನ್ನ ಉಜ್ಜಿ, ಬಣ್ಣ ಸವರಿ ಹಾಕ್ತಿದ್ದೆ. ಈಗ ಅರ ಹಿಡಿಯೋಕೆ ಬೆರಳು ಮಡಚಲ್ಲ ಕಣೋ."

"ಅದಕ್ಕೇ ಮಾರೋಣ ಅಂದ್ಯಾ? ಅವರಿಗೆ ಹೇಳಬಾರದಿತ್ತಾ?"

"ಅವರು ಅಷ್ಟು ಹೆಮ್ಮೆಯಿಂದ ಹೇಳ್ಕೊಂಡು ತಿರುಗೋದು ಇದೊಂದೇ. ಅದನ್ನೂ ಕಿತ್ಕೊಳ್ಳಲಾ? ನೀನೂ ಬಾಯಿ ಬಿಡಬೇಡ."

ತಮ್ಮ ಅಚ್ಚನ್ನು ಚೀಲಕ್ಕೆ ಹಾಕಿಕೊಂಡ. ಇಬ್ಬರಲ್ಲಿ ಯಾರನ್ನು ಹೆಚ್ಚು ಪ್ರೀತಿಸುತ್ತೇನೆಂದು ಚಿಕ್ಕಂದಿನಲ್ಲೂ ಅವನಿಗೆ ಹೇಳಲಾಗುತ್ತಿರಲಿಲ್ಲ, ಈಗಲೂ ಆಗಲಿಲ್ಲ.

ಭಾವ ಯುದ್ಧ ಗೆದ್ದವರಂತೆ ಬಂದರು. ಇಂಚಿಗೆ ಮೂವತ್ತೆರಡು ಸುತ್ತುಗೆರೆಯ ಎರಡು ಡಜನ್ ಸ್ಕ್ರೂ, ಎಲ್ಲವೂ ಒಂದೇ ಉದ್ದ. "ಈಗ ಹಾಕಿದ್ರೆ ಮುಗೀತು!" ಎಂದು ಮೊದಲನೆಯದನ್ನು ತಿರುಗಿಸಿದರು. ಸ್ಕ್ರೂ ಬೆಣ್ಣೆಯಂತೆ ಒಳಗೆ ಹೋಗಿ, ಕೊಳವೆಯ ತಳಕ್ಕೆ ತಾಗಿ ನಿಂತಿತು. ಚೌಕಟ್ಟು ಅಲ್ಲಾಡುತ್ತಲೇ ಇತ್ತು. ಭಾವ ಹಲ್ಲು ಕಚ್ಚಿ ಇನ್ನಷ್ಟು ಒತ್ತಿದರು. ಇನ್ನೊಂದು ಸುತ್ತು ತಿರುಗಿಸಿದ್ದರೆ ನಟ್ಟು ಒಡೆಯುತ್ತಿತ್ತು. ತಮ್ಮನ ಬಾಯಿಗೆ ಮಾತು ಬಂದಿತ್ತು, ಅಕ್ಕನ ಮುಖ ನೋಡಿ ನುಂಗಿಕೊಂಡ.

"ಬಿಡ್ರೀ, ಅದು ಎರಡೂವರೆ ಸುತ್ತು ಜಾಸ್ತಿ ಉದ್ದ ಇದೆ," ಎಂದಳು ಅಕ್ಕ. "ಅದರ ಪಕ್ಕದ್ದು ಒಂದೇ ಸುತ್ತು. ಮೂಲೇದು ಹಾಗೇ ಕೂರುತ್ತೆ."

ಭಾವ ತಿರುಗಿದರು. "ನಿಂಗೆ ಹೇಗೆ ಗೊತ್ತು?"

ಅಕ್ಕ ಡಬ್ಬಿಯನ್ನು ಅವರ ಮುಂದೆ ಹಿಡಿದಳು. ಭಾವ ಒಂದೊಂದೇ ಸ್ಕ್ರೂ ಎತ್ತಿ ನೋಡಿದರು. ಲೆಕ್ಕದ ಮೇಷ್ಟ್ರಿಗೆ ಲೆಕ್ಕ ಬಿಡಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರೇಗುತ್ತಾರೆಂದುಕೊಂಡ ತಮ್ಮ. ಭಾವ ಸ್ಕ್ರೂಗಳನ್ನು ಬಿಟ್ಟು, ಡಬ್ಬಿ ಹಿಡಿದಿದ್ದ ಕೈಯನ್ನು ಹಿಡಿದುಕೊಂಡರು. ಊದಿದ ಗೆಣ್ಣುಗಳ ಮೇಲೆ ಹೆಬ್ಬೆರಳು ಮೆಲ್ಲಗೆ ಆಡಿಸಿದರು.

"ಯಾವಾಗಿಂದ ಇದು?"

"ಎರಡು ವರ್ಷ ಆಯ್ತು."

ಭಾವ ಹಾಸಿಗೆಯ ಅಂಚಿಗೆ ಕುಸಿದು ಕೂತರು. "ಎರಡು ವರ್ಷದಿಂದ ದಿನಾ ಈ ಕಿಟಕಿ ನೋಡ್ತಿದೀನಿ. ಇದನ್ನ ನೋಡ್ಲಿಲ್ಲವಲ್ಲೇ."

ಅವರ ಕಣ್ಣು ತುಂಬಿದ್ದನ್ನು ತಮ್ಮ ಮೊದಲ ಸಲ ನೋಡಿದ. ಕಾಣದವನಂತೆ ಚೀಲ ಹುಡುಕಿ, ಸಣ್ಣ ಅರ ತೆಗೆದು ಅವರ ಕೈಗಿಟ್ಟ. ಅಕ್ಕ ಪಕ್ಕದಲ್ಲಿ ಕೂತು ಪಾಠ ಶುರುಮಾಡಿದಳು. "ನೆಟ್ಟಗೆ ಉಜ್ಜಿ. ಇನ್ನೂ ಸ್ವಲ್ಪ. ಅಯ್ಯೋ, ಓರೆ ಆಯ್ತು. ಇನ್ನೊಂದು ತಗೊಳ್ಳಿ." ಮೂರು ಸ್ಕ್ರೂ ಹಾಳಾದವು. ನಾಲ್ಕನೆಯದು ಕೂತಿತು, ಚೌಕಟ್ಟು ಗೋಡೆಗೆ ಕಚ್ಚಿಕೊಂಡಿತು.

"ಭಾನುವಾರ ಬರೋರಿಗೆ ಫೋನ್ ಮಾಡು ಪುಟ್ಟಾ," ಎಂದಳು ಅಕ್ಕ.

"ಏನಂತ ಹೇಳ್ಲಿ?"

"ದೋಣಿ ಕೊಡಲ್ಲ ಅಂತ ಹೇಳು. ನಮ್ಮೆಜಮಾನ್ರು ಈಗಿನ್ನೂ ಕೆಲಸ ಕಲೀತಾ ಇದಾರೆ."